ಜಿಪೋರಾ ಅತ್ತೆಯ ಐದನೇ ಪರೀಕ್ಷೆ

ಅಲಬಾಮಾದಲ್ಲಿ ನಾವು ಕಪ್ಪು ಜನ ವೋಟರ್ ಪಟ್ಟಿಗೆ ಹೆಸರು ಸೇರಿಸಬೇಕೆಂದರೆ ಕೋರ್ಟು ಕಚೇರಿಯಲ್ಲಿ ಪರೀಕ್ಷೆ ಬರೆಯಬೇಕಿತ್ತು. ಬಿಳಿಯರಿಗೆ ಸುಲಭದ ಪ್ರಶ್ನೆ, ನಮಗೆ ವಕೀಲನೂ ಬೆವರುವಂಥದ್ದು. ನಮ್ಮ ಜಿಪೋರಾ ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ನಾಲ್ಕು ಸಲ ಬರೆದಳು, ನಾಲ್ಕು ಸಲವೂ ಫೇಲು!

ನಾನು ಅರ್ಲೀನ್, ಹೆಂಗಸರ ಕೂದಲು ಸಿಂಗರಿಸುವವಳು. ನನ್ನ ಗಿರಾಕಿಗಳೆಲ್ಲ ನಮ್ಮವರೇ. ಯಾವ ಬಿಳಿ ಯಜಮಾನನೂ ನನ್ನ ಹೊಟ್ಟೆಯ ಮೇಲೆ ಹೊಡೆಯಲಾರ. ಅದಕ್ಕೇ ನನ್ನ ಬಾಯಿ ಸ್ವಲ್ಪ ಜೋರು.

ಮೊನ್ನೆ, ಈ 1965ರ ಆಗಸ್ಟಿನಲ್ಲೇ, ಕಾಯಿಸಿದ ಬಾಚಣಿಗೆಯಿಂದ ಅತ್ತೆಯ ಕೂದಲು ನೆಟ್ಟಗೆ ಮಾಡುತ್ತಿದ್ದೆ.

"ಅತ್ತೆ, ಹೊಸ ಕಾಯಿದೆ ಬಂದಿದೆ. ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ವಾಷಿಂಗ್ಟನ್ ಕಡೆಯ ಅಧಿಕಾರಿ ಪೋಸ್ಟಾಫೀಸಲ್ಲಿ ಕೂತಿದಾನೆ. ನಡಿ, ಹೋಗೋಣ."

"ನಿನ್ನ ಕಾಯಿದೆ ಮನೆ ಹಾಳಾಗ! ನಾನು ಓದಿಸಿದ ಮಕ್ಕಳ ಎದುರಿಗೇ ಐದನೇ ಸಲ ಫೇಲಾಗ್ಲಾ?"

"ಆ ಕಾಯಿದೆ ಸುಮ್ನೆ ಬಂತಾ? ರಸ್ತೆಗಿಳಿದು ನಡೆದ್ವಿ, ಲಾಠಿ ಏಟು ತಿಂದ್ವಿ. ಇಡೀ ದೇಶ ಟಿವೀಲಿ ಅದನ್ನ ನೋಡ್ತು. ಆಮೇಲೇ ದೊಡ್ಡೋರಿಗೆ ಬಿಸಿ ತಾಗಿದ್ದು. ನನ್ನ ಭುಜ ಇವತ್ತಿಗೂ ನೋಯ್ತದೆ, ಆ ಕೈಯಲ್ಲೇ ನಿನ್ನ ತಲೆ ಬಾಚ್ತಿದೀನಿ. ನೀನು ಪೋಸ್ಟಾಫೀಸಿನವರೆಗೂ ನಡೆಯಲ್ವಾ?"

ಮರುದಿನ ಅತ್ತೆ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಬಂದಳು. ಸಾಲಿನಲ್ಲಿ ನಿಂತು, ಪರೀಕ್ಷೆಯಲ್ಲಿ ಕೇಳಿಯೇ ಕೇಳುತ್ತಾರೆಂದು ಸಂವಿಧಾನವನ್ನೆಲ್ಲ ತನ್ನಷ್ಟಕ್ಕೆ ಪಿಟಿಪಿಟಿ ಒಪ್ಪಿಸುತ್ತಿದ್ದಳು. ನನಗೋ ನಗುವೂ ಬಂತು, ಕರುಳೂ ಚುರುಕ್ ಎಂದಿತು.

ಅಧಿಕಾರಿ ಕುರ್ಚಿ ತೋರಿಸಿದ. ಹೆಸರು, ವಯಸ್ಸು, ವಿಳಾಸ ಕೇಳಿದ. ಅತ್ತೆಯಿಂದ ಸಹಿ ಮಾಡಿಸಿಕೊಂಡು ಒಂದು ಚೀಟಿ ಕೊಟ್ಟ.

ಅತ್ತೆ ಏಳಲೇ ಇಲ್ಲ. "ಪ್ರಶ್ನೆ ಕೇಳಿ ಸ್ವಾಮಿ" ಎಂದಳು.

"ಕೇಳಿ ಆಯ್ತಲ್ಲಮ್ಮ. ನೀವಿನ್ನು ವೋಟರು."

"ಅಷ್ಟೇನಾ?"

"ಅಷ್ಟೇ."

ಹೊರಗೆ ಬಂದವಳೇ ಮೆಟ್ಟಿಲ ಮೇಲೆ ಕುಸಿದು ಕೂತಳು. ನಗುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ.

"ಅಯ್ಯೋ ಅರ್ಲೀನ್, ಇಷ್ಟು ವರ್ಷ ನಾನೇ ದಡ್ಡಿ ಅಂದ್ಕೊಂಡು ಬಿಟ್ಟಿದ್ದೆ ಕಣೇ!"

ಕೇಳಿಸಿತೇ, ಅಕ್ಕಂದಿರೇ, ಅಣ್ಣಂದಿರೇ? ನಿಮ್ಮನ್ನು ಬೇಕೆಂದೇ ಫೇಲು ಮಾಡಿದ್ದರು. ಆ ಪರೀಕ್ಷೆ ತೊಲಗಿತು. ಓದು ಬಾರದಿದ್ದರೂ ಚಿಂತೆಯಿಲ್ಲ, ಪೋಸ್ಟಾಫೀಸಿಗೆ ಹೋಗಿ ನಿಮ್ಮ ಹೆಸರು ಹೇಳಿ. ಒಬ್ಬರೇ ಹೋಗಲು ಭಯವೇ? ನನ್ನ ಅಂಗಡಿಗೆ ಬನ್ನಿ, ಟೀಚರಮ್ಮನೇ ಕೈಹಿಡಿದು ಕರೆದುಕೊಂಡು ಹೋಗುತ್ತಾಳೆ.