ಸೊನ್ನೆಗಿಂತ ಕೆಳಗೆ

ಮೂರು ಮಹಡಿ ಕಟ್ಟಡದ ಲಿಫ್ಟಿಗೆ ಅಕ್ಕನ ಗಂಡ ಯಂತ್ರಕ್ಕೆ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದರು. ನಾದಿನಿ ಅವರ ಶಿಷ್ಯೆ.

"ಈ ಭಾಷೆಗೆ ಬುದ್ಧಿ ಇಲ್ಲಮ್ಮ," ಅಂತ ಭಾವ ಅವಳನ್ನು ಹೊರಗೆ ಬಾಗಿಲ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿ ಲಿಫ್ಟಿನೊಳಗೆ ಹೋದರು. "ಮೆಮೊರಿ ಡಬ್ಬಿಯಲ್ಲಿ ಮಹಡಿ ಸಂಖ್ಯೆ ಇಡು, ಒಂದು ಮಹಡಿ ಇಳಿ, ಒಂದು ಕಳೆ, ಸೊನ್ನೆ ಆಯ್ತಾ ನೋಡು, ಇಲ್ಲ ಅಂದ್ರೆ ಮತ್ತೆ ಇಳಿ. ಅಷ್ಟೇ."

"ಇಳಿಯೋಕೆ ಮುಂಚೆ ನೋಡಬೇಕಲ್ವಾ ಭಾವ?"

"ಒಂದು ಸಾಲು ಉಳಿಸಿದ್ದೀನಿ, ತಲೆ ತಿನ್ನಬೇಡ."

ನೆಲಮಹಡಿಯಲ್ಲೇ ನಿಂತು ನೆಲಮಹಡಿಯ ಗುಂಡಿ ಒತ್ತಿದರು. ಅಂಥ ಕೆಲಸ ಪ್ರೋಗ್ರಾಂ ಬರೆದವರು ಮಾತ್ರ ಮಾಡ್ತಾರೆ. ಲಿಫ್ಟು ಇಳೀತು. ನೆಲಮಹಡಿ ಅಂದರೆ ಸೊನ್ನೆ; ಸೊನ್ನೆಗಿಂತ ಕೆಳಗಿನದು ಆ ಡಬ್ಬಿಗೆ ಗೊತ್ತಿಲ್ಲ, ಸೊನ್ನೆಯಲ್ಲಿ ಒಂದು ಕಳೆದರೆ ಸುತ್ತಿ ಬಂದು ತನ್ನ ಅತಿ ದೊಡ್ಡ ಸಂಖ್ಯೆ, ಇನ್ನೂರೈವತ್ತೈದು.

ಆ ಕಟ್ಟಡಕ್ಕೆ ನೆಲಮಾಳಿಗೆ ಇರಲಿಲ್ಲ. ಲಿಫ್ಟು ಅದನ್ನು ಕೇಳಲೂ ಇಲ್ಲ.

ಬಾಗಿಲ ಪಕ್ಕದ ಪರದೆಯಲ್ಲಿ ಇನ್ನೂರನಲವತ್ತು, ಇನ್ನೂರಿಪ್ಪತ್ತು. ನಾದಿನಿಯ ಕೈ ಸ್ವಿಚ್ಚಿಗೆ ಹೋಗಿ ವಾಪಸ್ ಬಂತು. ಆರಿಸಿ ಹಾಕಿದರೆ ಲಿಫ್ಟು ಎಲ್ಲ ಮರೆತು ಸೊನ್ನೆಯಿಂದ ಶುರು. ಭಾವ ಎಲ್ಲಿದ್ದಾರೋ ಅದೇ ನೆಲಮಹಡಿ ಅಂದ್ಕೊಂಡು ಬಾಗಿಲು ತೆಗೆಯುತ್ತೆ.

ಇನ್ನೂರೊಂದರಲ್ಲಿ ಲಿಫ್ಟು ನಿಂತಿತು. ಹೊರಗಿಂದ ಯಾರೋ ಕರೆದಿದ್ದಾರೆ ಅಂತ ದೀಪ ಹೊತ್ತಿತು. ಬಾಗಿಲು ತೆಗೆದು ಮುಚ್ಚಿತು. ಪರದೆಯಲ್ಲಿ ಲಿಫ್ಟಿನೊಳಗಿನ ತೂಕ ಎಪ್ಪತ್ತು ಕಿಲೋ ಇದ್ದದ್ದು ನೂರಮೂವತ್ತೈದು ಆಯ್ತು. ಮತ್ತೆ ಇಳಿಯೋಕೆ ಶುರು.

ಅವಳು ಲಿಫ್ಟಿನ ಫೋನ್ ಎತ್ತಿದಳು. "ಭಾವ, ಯಾರಾದ್ರೂ ಹತ್ತಿದ್ರಾ?"

"ಇಲ್ವಲ್ಲಮ್ಮ. ಯಾಕೋ ಸೆಕೆ ಜಾಸ್ತಿ ಆಯ್ತು. ಸ್ವಲ್ಪ ಇಕ್ಕಟ್ಟು ಕೂಡ."

ಮೇಲೆ ತಂದರೆ ಅದೂ ಬರುತ್ತೆ. ತರದಿದ್ದರೆ ಅಕ್ಕನಿಗೆ ಯಾವ ಮುಖ ತೋರಿಸೋದು? ಓಡ್ತಿರೋ ಪ್ರೋಗ್ರಾಮಿನಲ್ಲೇ 'ಇಳಿ' ಇದ್ದಲ್ಲಿ 'ಏರು', 'ಕಳೆ' ಇದ್ದಲ್ಲಿ 'ಕೂಡು' ಅಂತ ತಿದ್ದಿದಳು. ಎರಡು ಸಲ ತಪ್ಪಾಯ್ತು. ಮೂರನೇ ಸಲ ಲಿಫ್ಟು ಮೇಲಕ್ಕೆ ತಿರುಗಿತು. ಇನ್ನೂರೈವತ್ತೈದಕ್ಕೆ ಒಂದು ಕೂಡಿದ್ದೇ ಡಬ್ಬಿ ಸೊನ್ನೆ ಆಯ್ತು. ಬಾಗಿಲು ತೆರೀತು.

ಒಳಗೆ ಭಾವ ಒಬ್ಬರೇ, ಮೂಲೆಗೆ ಒತ್ತಿಕೊಂಡು ನಿಂತಿದ್ದರು.

"ನೋಡಿದ್ಯಾ? ಹೇಳಿದಷ್ಟೇ ಮಾಡುತ್ತೆ," ಅಂತ ಬೆವರು ಒರೆಸಿಕೊಂಡು ಹೊರಗೆ ಬಂದರು.

ಪರದೆಯಲ್ಲಿ ತೂಕ ಅರವತ್ತೈದು.

ಬಾಗಿಲು ಮುಚ್ಚೋಕೆ ಹೋಗಿ, ಏನೋ ಅಡ್ಡ ಸಿಕ್ಕಿದ ಹಾಗೆ ಮತ್ತೆ ತೆರೆದುಕೊಂಡಿತು. ಆಮೇಲೆ ತೂಕ ಸೊನ್ನೆಗೆ ಬಂತು.

ಮೊಬೈಲ್ ಹೊಡ್ಕೊಂಡಿತು. ಅಕ್ಕ.

"ಊಟಕ್ಕೆ ಇಬ್ಬರೂ ಬರ್ತಿದ್ದೀರಲ್ವಾ?"

ಭಾವನ ಬೆನ್ನ ಹಿಂದಿನ ಖಾಲಿ ಜಾಗವನ್ನು ನೋಡ್ತಾ ಅವಳಂದಳು, "ಇನ್ನೊಂದು ತಟ್ಟೆ ಹಾಕಿರು ಅಕ್ಕ."