ಅಂಜಿನಮ್ಮನ ಸುತ್ತುವ ಹಂಡೆ

ತಳ ಸೋರುವ ಹಳೆಯ ತಾಮ್ರದ ಹಂಡೆಗೆ ಎರಡೂವರೆ ರೂಪಾಯಿ. ಮುರಿದ ಗಾಡಿಯ ಒಂದು ಚಕ್ರಕ್ಕೆ ಒಂದೂವರೆ. ಕಬ್ಬಿಣದ ಅಚ್ಚಿಗೂ ಅದರ ಬುಡದ ಸಣ್ಣ ಗಾಲಿಗೂ ಸೇರಿ ಒಂದೂಕಾಲು. ಅರ್ಧಕ್ಕೆ ಕೊಯ್ದ ಮರದ ಪೀಪಾಯಿಗೆ ಎಂಟಾಣೆ, ಹಗ್ಗಕ್ಕೂ ಹರಳೆಣ್ಣೆಗೂ ನಾಲ್ಕಾಣೆ. ಒಟ್ಟು ಆರು ರೂಪಾಯಿ. ಅಂಜಿನಮ್ಮನಿಗೆ ಮದುವೆಯಲ್ಲಿ ತವರಿನವರು ಹಾಕಿದ್ದ ಬೆಳ್ಳಿಯ ತೋಳಬಂದಿ ಮಧುಗಿರಿ ಪೇಟೆಯಲ್ಲಿ ಸರಿಯಾಗಿ ಅಷ್ಟಕ್ಕೇ ಹೋಯಿತು.

ಕರೀಮ್ ಸಾಬರ ಕೂಲಿ ಈ ಲೆಕ್ಕದಲ್ಲಿ ಇರಲಿಲ್ಲ. ಸಿರಾದಿಂದ ಬಂದು ಮಧುಗಿರಿಯಲ್ಲಿ ಕುಲುಮೆ ಹಾಕಿದ್ದ ಅವರು, "ನಡೆದ್ರೆ ಕೊಡಮ್ಮ. ನಡೀದಿದ್ರೆ ಹಂಡೆ ನಾನೇ ಇಟ್ಕಂತೀನಿ, ಬಿರಿಯಾನಿಗಾಯ್ತದೆ" ಎಂದಿದ್ದರು.

"ಮೈತುಂಬ ತೂತು ಹೊಡೆದಿರೋ ಹಂಡೇಲಾ ಸಾಬ್ರೇ?"

"ಅನ್ನ ಬಸಿಯೋಕೆ ಬೇಕಲ್ಲಮ್ಮ."

ಬೆಳ್ಳಿ ಮಾರಿ ತೂತಿನ ಹಂಡೆ ಮಾಡಿಸುವಷ್ಟು ಅಂಜಿನಮ್ಮನಿಗೆ ಬಂದಿದ್ದ ಕಷ್ಟ ಇದು. ಎರಡನೆಯ ಮಹಾಯುದ್ಧಕ್ಕೆ ಎರಡು ವರ್ಷ ಮುಂಚಿನ ಮಾತು. ಅವಳೂ ಗಂಡ ಅಡವಯ್ಯನೂ ಹದಿನಾಲ್ಕು ಮನೆಗಳ ಬಟ್ಟೆ ಒಗೆಯುತ್ತಿದ್ದರು. ಮನೆಗಳವರು ಕೊಡುತ್ತಿದ್ದುದು ಸುಗ್ಗಿಯಲ್ಲಿ ರಾಗಿ, ಹಬ್ಬದಲ್ಲಿ ಊಟ. ಕೈಗೆ ರೊಕ್ಕ ಬರುತ್ತಿದ್ದುದು ಊರಿನ ಆಸ್ಪತ್ರೆಯ ಹಾಸುಬಟ್ಟೆಗಳಿಂದ ಮಾತ್ರ. ಬೇಸಿಗೆಯಲ್ಲಿ ಅಡವಯ್ಯ ಕೆರೆಯ ಪಾವಟಿಗೆಯ ಮೇಲೆ ಜಾರಿ ಬಿದ್ದು ಬಲ ಭುಜ ಕಳಚಿಕೊಂಡ. ಭುಜ ಕೂರಿಸಿದರು, ಬಲ ಕೂರಲಿಲ್ಲ. ದಪ್ಪ ಹಾಸುಬಟ್ಟೆ ಹಿಂಡಬೇಕಾದರೆ ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುಚಬೇಕು. ಒಂದು ತುದಿಯಲ್ಲಿ ಅಂಜಿನಮ್ಮ ಇದ್ದಳು, ಇನ್ನೊಂದು ತುದಿಯನ್ನು ಮರಕ್ಕೆ ಕಟ್ಟಿ ನೋಡಿದಳು. ನೀರು ಅರ್ಧವೂ ಇಳಿಯಲಿಲ್ಲ. ಅಷ್ಟರಲ್ಲಿ ಹಸ್ತೆಯ ಜಡಿಮಳೆ ಹಿಡಿಯಿತು.

ಆಸ್ಪತ್ರೆಯ ಕಾಂಪೌಂಡರ್ ಮಲ್ಲಿಕಾರ್ಜುನಯ್ಯ ಹಾಸುಬಟ್ಟೆಯನ್ನು ಮುಟ್ಟಿ ನೋಡಿ, ಬೈಯದೆ, ಮೆಲ್ಲಗೆ ಹೇಳಿದ್ದರು. "ಜ್ವರದವರನ್ನ ಇದರ ಮೇಲೆ ಮಲಗಿಸೋಕಾಗುತ್ತೇನಮ್ಮ? ಬರೋ ಶುಕ್ರವಾರ ತಪಾಸಣೆ ಇದೆ. ಅವತ್ತು ಬೆಳಿಗ್ಗೆ ಒಣಗಿದ ಬಟ್ಟೆ ಬರದಿದ್ದರೆ ನಾನು ಬೇರೆಯವರಿಗೆ ಕೊಡಬೇಕಾಗುತ್ತೆ."

ಕರೀಮ್ ಸಾಬರು ಎಳೆಯ ಪ್ರಾಯದಲ್ಲಿ ಬೆಂಗಳೂರಿನ ಒಂದು ಮಿಲ್ಲಿನಲ್ಲಿದ್ದವರು. ಅಲ್ಲಿ ಒದ್ದೆ ನೂಲನ್ನು ತೂತಿನ ಪೀಪಾಯಿಗೆ ಹಾಕಿ ಗಿರ್ರನೆ ತಿರುಗಿಸಿ ನೀರು ತೆಗೆಯುತ್ತಿದ್ದುದನ್ನು ಕಂಡಿದ್ದರು. ಅದನ್ನೇ ನೆನಪಿನಿಂದ ಕಟ್ಟಿದರು. ಹಂಡೆಯ ಕತ್ತು ಕೊಯ್ದು ಬಾಯಿ ಅಗಲ ಮಾಡಿದರು. ಬಟ್ಟೆ ಹರಿಯದಿರಲೆಂದು ತೂತುಗಳನ್ನು ಒಳಗಿನಿಂದ ಹೊಡೆದರು, ಚೂಪೆಲ್ಲ ಹೊರಕ್ಕೆ ಬಂತು. ಕಲ್ಲುಗಳ ಮೇಲೆ ಕೂರಿಸಿದ ಪೀಪಾಯಿಯ ನಡುವೆ ಅಚ್ಚು ನಿಲ್ಲಿಸಿ ಅದರ ಮೇಲೆ ಹಂಡೆ ಕೂರಿಸಿದರು. ಪಕ್ಕದಲ್ಲಿ ಗಾಡಿಯ ಚಕ್ರವನ್ನು ಗೂಟದ ಮೇಲೆ ಮಲಗಿಸಿ, ಅದರಿಂದ, ಪೀಪಾಯಿಯ ತಳದ ಕೆಳಗೆ ಇಳಿದಿದ್ದ ಅಚ್ಚಿನ ಸಣ್ಣ ಗಾಲಿಗೆ ಹಗ್ಗ ಸುತ್ತಿದರು. ನೂಲುವ ರಾಟೆಯನ್ನು ನೆಲಕ್ಕೆ ಮಲಗಿಸಿದ ಹಾಗಿತ್ತು. ಚಕ್ರ ಒಂದು ಸುತ್ತು ಬಂದರೆ ಹಂಡೆ ಹತ್ತು ಸುತ್ತು. ತಿರುಗಿಸುವ ಹಿಡಿಗೆ ಒಂದೇ ಕೈ ಸಾಕು, ಎಡಗೈ ಆದರೂ ಸರಿ. ಅಡವಯ್ಯನಿಗೆ ಅದೇ ದೊಡ್ಡ ವಿಷಯವಾಗಿ ಕಂಡಿತು.

ಮಂಗಳವಾರ ಅಂಜಿನಮ್ಮನ ಅಂಗಳದಲ್ಲಿ ಮೊದಲ ಸಲ ತಿರುಗಿಸಿದರು. ಹಂಡೆ ನಾಲ್ಕು ಸುತ್ತು ನೆಟ್ಟಗೆ ಬಂತು, ಐದನೆಯದಕ್ಕೆ ಬಡಿದುಕೊಳ್ಳತೊಡಗಿತು. ಪೀಪಾಯಿ ಕಲ್ಲುಗಳ ಮೇಲೆ ಕುಣಿಯಿತು, ಹಗ್ಗ ಕಳಚಿತು. ಒಂದು ಹಾಸುಬಟ್ಟೆ ಅಚ್ಚಿಗೆ ಸಿಕ್ಕಿ ಪರ್ರೆಂದು ಹರಿಯಿತು.

ನೆರೆಮನೆಯ ಲಕ್ಷ್ಮಕ್ಕ ಬಾಗಿಲಿಗೆ ಬಂದು ನಿಂತಳು. "ಏನೇ ಅಂಜೀ, ಹಂಡೆಗೆ ಮೈಮೇಲೆ ದೇವ್ರು ಬಂತಾ? ಒಂದ್ ನಿಂಬೆಹಣ್ಣು ಮಡಗು."

"ನೀನೇ ಮಡಗಕ್ಕ, ನಿನ್ ಮಾತ್ಗಾದ್ರೂ ಸುಮ್ಕಾದಾತು" ಎಂದಳು ಅಂಜಿನಮ್ಮ. ನಗಲಿಲ್ಲ.

ಕರೀಮ್ ಸಾಬರು ಅಚ್ಚು ಸೊಟ್ಟಗಿದೆ ಎಂದು ಬಿಚ್ಚಿ ಕುಲುಮೆಗೆ ಒಯ್ದರು, ನೇರ ಮಾಡಿ ತಂದರು. ಬುಧವಾರವೂ ಹಂಡೆ ಹಾಗೇ ಕುಣಿಯಿತು. ಬರಿ ಹಂಡೆ ತಿರುಗಿಸಿದರೆ ಬುಗುರಿಯ ಹಾಗೆ ನಿಂತು ಸುತ್ತುತ್ತಿತ್ತು, ಬಟ್ಟೆ ಹಾಕಿದೊಡನೆ ರಂಪ.

"ಯಾ ಅಲ್ಲಾ, ಇದು ನನ್ ಕೈಲಿ ಆಗಾಕಿಲ್ಲ ಅಂತ ಕಾಣ್ತದೆ" ಎಂದು ಸಾಬರು ತಲೆಯ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಅಚ್ಚು ನೆಟ್ಟಗೈತೆ. ಗಾಲಿ ನೆಟ್ಟಗೈತೆ. ಇನ್ನೇನು ನೋಡ್ಲಿ?"

ಯಾರೂ ನೋಡದೆ ಬಿಟ್ಟದ್ದು ಅಂಜಿನಮ್ಮನ ಗಂಟುಗಳನ್ನು. ಒಂದು ಮನೆಯ ಬಟ್ಟೆ ಇನ್ನೊಂದು ಮನೆಯದರೊಡನೆ ಬೆರೆಯಕೂಡದು, ಅದು ಅವಳು ಅತ್ತೆಯಿಂದ ಕಲಿತ ಮೊದಲ ಪಾಠ. ಒದ್ದೆಯಿರಲಿ ಒಣಗಿರಲಿ, ಮನೆಮನೆಯದೂ ಬೇರೆ ಬೇರೆ ಗಂಟು. ಆಸ್ಪತ್ರೆಯಲ್ಲೂ ಹಾಗೇ, ಗಂಡಸರ ವಾರ್ಡಿನದು ಒಂದು, ಹೆಂಗಸರ ವಾರ್ಡಿನದು ಒಂದು. ಅದೇ ನೇಮದಲ್ಲಿ ಗಂಡಸರ ವಾರ್ಡಿನ ನಾಲ್ಕು ಹಾಸುಬಟ್ಟೆ ಹಂಡೆಯ ಒಂದು ಮಗ್ಗುಲಿಗೆ, ಹೆಂಗಸರ ವಾರ್ಡಿನ ಎರಡು ಇನ್ನೊಂದು ಮಗ್ಗುಲಿಗೆ ಹಾಕುತ್ತಿದ್ದಳು.

ಗುರುವಾರ ಬೆಳಿಗ್ಗೆ, ಇನ್ನು ಆಗದೆಂದು, ಬಟ್ಟೆಯನ್ನು ಕೆರೆಗೇ ಒಯ್ಯಲು ಕತ್ತೆಯ ಮೇಲೆ ಹೇರುತ್ತಿದ್ದಳು. ಎಡಕ್ಕೆ ದೊಡ್ಡ ಗಂಟು ಬಿತ್ತು. ಬಲಕ್ಕೆ ಸಣ್ಣದು ಬಿತ್ತು. ಕತ್ತೆ ವಾಲಿ ಒಂದು ಹೆಜ್ಜೆ ಅಡ್ಡ ಇಟ್ಟಿತು. ಅವಳ ಕೈ ತಾನಾಗಿ ಕೆಳಗೆ ಹೋಗಿ, ಬಲಗಡೆಯ ಜೋಳಿಗೆಗೆ ಹಾಕಲು ಒಂದು ಕಲ್ಲು ಎತ್ತಿತು. ಕಲ್ಲು ಹಿಡಿದುಕೊಂಡೇ ಅವಳು ನಿಂತುಬಿಟ್ಟಳು.

"ಯಾಕ್ಲೇ, ಏನಾತು?" ಎಂದ ಅಡವಯ್ಯ.

"ಇಪ್ಪತ್ತು ವರ್ಸದಿಂದ ಕತ್ತೆಗೆ ಮಾಡೋದ್ನ ಹಂಡೆಗೆ ಮಾಡ್ಲಿಲ್ವಲ್ಲ" ಎಂದಳು. "ಇಳಿಸು. ಸಾಬ್ರನ್ನ ಕೂಗು."

ವಾರ್ಡು ಬೆರೆಸಲಿಲ್ಲ. ಗಂಡಸರ ವಾರ್ಡಿನದನ್ನೇ ಎರಡು ಪಾಲು ಮಾಡಿದಳು. ಎರಡು ಕೈಯಲ್ಲೂ ಒಂದೊಂದು ಹಿಡಿದು ತೂಗಿ ನೋಡಿ, ಎದುರುಬದುರು ಇಟ್ಟಳು. ಗಂಟು ಕಟ್ಟಲಿಲ್ಲ, ಹಂಡೆಯ ಗೋಡೆಗುಂಟ ಸಡಿಲವಾಗಿ ಹಾಸಿದಳು. ಅಡವಯ್ಯ ಎಡಗೈಯಲ್ಲಿ ಹಿಡಿ ತಿರುಗಿಸಿದ. ಮೊದಲು ಗುಡುಗುಡು ಎಂದಿತು, ಆಮೇಲೆ ಆ ಸದ್ದೂ ಹೋಗಿ ಜೇನುಹುಟ್ಟಿನಂಥ ಒಂದು ಗುಂಯ್ ಮಾತ್ರ ಉಳಿಯಿತು. ಬಟ್ಟೆ ಗೋಡೆಗೆ ಅಂಟಿಕೊಂಡು ನಡುವೆ ಬಾವಿಯ ಹಾಗೆ ಖಾಲಿಯಾಯಿತು. ತೂತುಗಳಿಂದ ನೀರು ನೂರು ಎಳೆಯಾಗಿ ಚಿಮ್ಮಿ, ಪೀಪಾಯಿಯ ಬುಡದ ಕಿಂಡಿಯಿಂದ ಹರಿದು ಅಂಗಳ ದಾಟಿತು. ಯಾರೂ ಹಿಂಡಲಿಲ್ಲ, ಯಾರೂ ತಿರುಚಲಿಲ್ಲ. ಕರೀಮ್ ಸಾಬರು ಹಾಸುಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿದರು.

"ಅಚ್ಚು ಮಾಡಿದ್ದು ನಾನು" ಎಂದರು. "ಮಿಷನ್ ಮಾಡಿದ್ದು ನೀನು ಕಣಮ್ಮ."

ಅಂದು ಮಧ್ಯಾಹ್ನದೊಳಗೆ ಅವಳು ಇನ್ನೂ ಒಂದು ಕಂಡುಕೊಂಡಳು. ಕಿಂಡಿಗೆ ಬಟ್ಟೆ ತುರುಕಿ, ಪೀಪಾಯಿಗೆ ನೀರೂ ಸೋಡಾವೂ ಹಾಕಿ, ಹಂಡೆಯನ್ನು ಅರ್ಧ ಸುತ್ತು ಆ ಕಡೆ, ಅರ್ಧ ಸುತ್ತು ಈ ಕಡೆ ನಿಧಾನವಾಗಿ ಆಡಿಸಿದರೆ ಕೊಳೆ ಬಿಡುತ್ತಿತ್ತು. ಕಿಂಡಿ ಬಿಚ್ಚಿ, ಒಂದು ಸುತ್ತು ಜೋರಾಗಿ ತಿರುಗಿಸಿದರೆ ಕೊಳೆನೀರೆಲ್ಲ ಹೊರಕ್ಕೆ. ಮತ್ತೆ ಒಳ್ಳೆಯ ನೀರು ಹುಯ್ದು ಮೆಲ್ಲಗೆ ಆಡಿಸಿದರೆ ಜಾಲಿಸಿದ ಹಾಗಾಯಿತು. ಕೊನೆಗೆ ಗಿರ್ರೆನ್ನಿಸಿ ನೀರು ತೆಗೆಯುವುದು. ಮೆಲ್ಲಗೆ ತಿರುಗಿಸುವುದು ಒಗೆಯಲು, ಜೋರಾಗಿ ತಿರುಗಿಸುವುದು ಹಿಂಡಲು. ಒಂದೇ ಹಂಡೆ, ಒಂದೇ ಕೈ.

ಲಕ್ಷ್ಮಕ್ಕ ಗೋಡೆಯಾಚೆಯಿಂದ ಬಹಳ ಹೊತ್ತು ನೋಡಿ, "ನಮ್ ಮನೆ ಕಂಬಳೀನೂ ಒಂದು ತರ್ಲೇನೇ?" ಎಂದಳು.

"ನಿಂಬೆಹಣ್ಣು ತಗಂಡು ಬಾರಕ್ಕ."

ಒದ್ದೆ ಅಷ್ಟು ಇಳಿದ ಮೇಲೆ ಉಳಿದದ್ದನ್ನು ಒಲೆಯ ಮೇಲಿನ ಹಗ್ಗ ನೋಡಿಕೊಂಡಿತು. ಶುಕ್ರವಾರ ಬೆಳಿಗ್ಗೆ, ಮಳೆ ಬೀಳುತ್ತಿರುವಾಗಲೇ, ಹಾಸುಬಟ್ಟೆಗಳು ಗೋಣಿಯ ಕೊಪ್ಪೆ ಹೊದ್ದು ಕತ್ತೆಯ ಮೇಲೆ ಆಸ್ಪತ್ರೆಗೆ ಹೋದವು. ಮಲ್ಲಿಕಾರ್ಜುನಯ್ಯ ಮುಟ್ಟಿದರು, ಮತ್ತೊಮ್ಮೆ ಮುಟ್ಟಿದರು. "ಎಲ್ಲಿ ಒಣಗಿಸಿದೆಯಮ್ಮ, ಪಾವಗಡಕ್ಕೆ ಹೋಗಿದ್ದೆಯಾ?" ಎಂದು ಕೇಳಿ ಒಳಗೆ ತೆಗೆದುಕೊಂಡರು. ಪಾವಗಡದ ಸೀಮೆಯಲ್ಲಿ ಮಳೆ ಕಡಿಮೆ.

ಆಸ್ಪತ್ರೆಯ ಕೆಲಸ ಉಳಿಯಿತು, ಮುಂದೆ ಒಂಬತ್ತು ವರ್ಷ ಅವರ ಕೈಯಲ್ಲೇ ಇತ್ತು. ಕರೀಮ್ ಸಾಬರ ಕೂಲಿ ದೀಪಾವಳಿಯ ಹೊತ್ತಿಗೆ ಸಂದಿತು. ಹರಿದ ಹಾಸುಬಟ್ಟೆಯ ದಂಡವನ್ನು ಅಂಜಿನಮ್ಮ ಕಟ್ಟಿದಳು. ಅಡವಯ್ಯನ ಬಲದೋಳು ಮತ್ತೆ ಮೇಲೇಳಲಿಲ್ಲ. ತೋಳಬಂದಿಯನ್ನು ಅವಳು ಮತ್ತೆ ಮಾಡಿಸಿಕೊಳ್ಳಲಿಲ್ಲ.