ಬೆಲ್ ಹೊಡೆಯುವ ಹೊತ್ತು

ನಮ್ಮ ಪ್ರಿನ್ಸಿಪಾಲ್ ಚನ್ನರಾಯಪ್ಪನವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಅವರ ಬಗ್ಗೆ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದು ಒಂದೇ ಒಂದು ಸಲ, ಅದೂ ಹೊಟ್ಟೆ ಉರಿದುಕೊಂಡು. ಅವರಿಗೂ ನನ್ನನ್ನು ಕಂಡರೆ ಆಗುವುದಿಲ್ಲ, ಆದ್ದರಿಂದ ಯಾರಿಗೂ ಅನ್ಯಾಯವಾಗಿಲ್ಲ.

ಮುಳಬಾಗಿಲಿನಿಂದ ನಂಗಲಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ ನಮ್ಮ ಖಾಸಗಿ ಡಿಗ್ರಿ ಕಾಲೇಜು. ನಾನು ಅಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತು ಕೇಳಿ ಮೋಸಹೋಗಬೇಡಿ. ಪ್ರತಿ ಜೂನ್ ತಿಂಗಳಲ್ಲಿ ಪ್ರಿನ್ಸಿಪಾಲರು ಮತ್ತೆ ಕರೆದರೆ ಕೆಲಸ, ಕರೆಯದಿದ್ದರೆ ಮನೆ. ನಮ್ಮ ಅಮ್ಮಿ ಬೀಬಿಜಾನ್ ಮಾತ್ರ ಯಾವ ಮದುವೆಗೆ ಹೋದರೂ "ನಮ್ಮ ನಿಶಾತ್ ಕಾಲೇಜ್ ಲೆಕ್ಚರರ್" ಎಂದು ಹೇಳಿಕೊಂಡು ಬರುತ್ತಾಳೆ. ಬೇಸಿಗೆಯ ಮದುವೆಗಳಲ್ಲಿ, ಜೂನಿನ ಕರೆ ಇನ್ನೂ ಬಂದಿರದಾಗ, ಆ ಮಾತು ಕೇಳಿದರೆ ನಾನು ಊಟದ ಸಾಲಿನ ಕಡೆ ಜಾರಿಕೊಳ್ಳುತ್ತೇನೆ.

ನನ್ನ ಪಾಲಿಗೆ ಬಂದಿದ್ದು ಎರಡನೇ ವರ್ಷದ ಬಿ.ಎ., ಊಟದ ನಂತರದ ಪಿರಿಯಡ್ಡು. ನರಸಾಪುರದ ಫ್ಯಾಕ್ಟರಿಯಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದ ಹುಡುಗರು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಉಳಿದವರು ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಮಾರುಕಟ್ಟೆ ಎಂದರೇನು ಎಂದು ಕೇಳಿದರೆ ರಜನಿ ಎದ್ದು ನಿಂತು ನೋಟ್ಸನ್ನು ಪಟಪಟನೆ ಒಪ್ಪಿಸುತ್ತಿದ್ದಳು. ಅವಳ ಅಪ್ಪ ಯಲ್ದೂರಿನ ಹತ್ತಿರ ಟೊಮೆಟೊ ಬೆಳೆಯುತ್ತಾರೆ, ವಾರಕ್ಕೊಮ್ಮೆ ಮಂಡಿಗೆ ಹೋಗುತ್ತಾರೆ. "ನಿಮ್ಮಪ್ಪ ಹೋಗ್ತಾರಲ್ಲ ಮಂಡಿಗೆ, ಅದು ಮಾರುಕಟ್ಟೆನಾ?" ಎಂದು ಒಂದು ದಿನ ಕೇಳಿದೆ. ಅವಳು ನೋಟ್ಸಿನ ಹಾಳೆ ತಿರುವಿ ನೋಡಿ, "ಅದು ಸಿಲಬಸ್ಸಲ್ಲಿ ಇಲ್ಲ ಮೇಡಂ" ಎಂದಳು.

ನನ್ನ ಮೈ ಉರಿದುಹೋಯಿತು. ಅವಳ ಮೇಲಲ್ಲ, ನನ್ನ ಮೇಲೆ. ಇಡೀ ವರ್ಷ ಬಾಯಿ ನೋಯುವಂತೆ ಹೇಳಿದ್ದು ಇದಕ್ಕಾ ಎನ್ನಿಸಿತು.

ಮರುದಿನ ಮನೆಯಿಂದ ಒಂದು ಸ್ಟೀಲ್ ತಟ್ಟೆ, ಒಂದು ಸೌಟು ತಂದೆ. ಸ್ಟೋರ್ ರೂಮಿನಿಂದ ಸೀಮೆಸುಣ್ಣದ ಡಬ್ಬಿಗಳನ್ನು ತರಿಸಿದೆ. ಡಬ್ಬಿಗಳೇ ಟೊಮೆಟೊ ಕ್ರೇಟು, ಬೆಂಚುಗಳೇ ಲಾರಿ. ಅರ್ಧ ಕ್ಲಾಸು ರೈತರು, ಅರ್ಧ ವ್ಯಾಪಾರಿಗಳು. ಚೌಕಾಸಿ ಮಾಡಿ ಮಾರಬೇಕು, ಕೊಳ್ಳಬೇಕು. ನಾನು ತಟ್ಟೆ ಬಾರಿಸಿದರೆ ಆಟ ಮುಗಿಯಿತು. ಆಮೇಲೆ ಕೈಯಲ್ಲಿ ಉಳಿದ ಟೊಮೆಟೊ ಕೊಳೆತಂತೆ, ರೈತ ಸೋತ. ಲಾರಿ ಖಾಲಿ ಹೋದರೆ ಬಾಡಿಗೆ ಮೈಮೇಲೆ, ವ್ಯಾಪಾರಿ ಸೋತ. ಆಟಕ್ಕೆ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ತಟ್ಟೆ ಬಾರಿಸುವುದು ಯಾವಾಗ ಎಂದು ವ್ಯಾಪಾರಿಗಳ ಚೀಟಿಯಲ್ಲಿ ಇತ್ತು. ರೈತರ ಚೀಟಿಯಲ್ಲಿ ಇರಲಿಲ್ಲ. ಈ ವ್ಯತ್ಯಾಸವನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಕ್ಲಾಸು ಹೊತ್ತಿಕೊಂಡಿತು ಎಂದೇ ಹೇಳಬೇಕು. ತೂಕಡಿಸುತ್ತಿದ್ದವರೆಲ್ಲ ಬೆಂಚಿನ ಮೇಲೆ ನಿಂತು ಕನ್ನಡದಲ್ಲಿ, ತೆಲುಗಿನಲ್ಲಿ, ದಖ್ಖನಿಯಲ್ಲಿ ಕೂಗಾಡಿದರು. ವ್ಯಾಪಾರಿಗಳು ನಿಧಾನಿಸಿದರು, ರೈತರು ಗಾಬರಿಯಾಗಿ ಸಿಕ್ಕ ದರಕ್ಕೆ ಕೊಟ್ಟರು. ರೈತರಲ್ಲಿ ಫರ್ದೀನ್ ಒಬ್ಬನೇ ಯಾರಿಗೂ ಸೊಪ್ಪು ಹಾಕದೆ ತನ್ನ ಡಬ್ಬಿಗಳ ಮೇಲೆ ಕೈಕಟ್ಟಿ ಕೂತ. ತಟ್ಟೆ ಬಾರಿಸಿದಾಗ ಎಲ್ಲರೂ ಅವನನ್ನು ನೋಡಿ ನಕ್ಕರು. "ನಗ್ರೋ ನಗ್ರಿ. ನಂದು ಕೊಳೀತು ಸರಿ, ಅವರ ಲಾರಿ ಖಾಲಿ ಹೋಯ್ತಲ್ಲ, ಅದಕ್ಕೆ ಯಾರು ಅಳ್ತಾರೆ?" ಎಂದ.

ನಗು ನಿಂತಿತು. ಆಮೇಲೆ ರೈತರ ಗುಂಪಿನಲ್ಲಿದ್ದ ರಜನಿ ನಿಧಾನವಾಗಿ ಕೇಳಿದಳು: "ಮೇಡಂ, ಬೆಲ್ ಯಾವಾಗ ಹೊಡೀತೀರ ಅಂತ ಅವರಿಗೆ ಮೊದ್ಲೇ ಗೊತ್ತಿತ್ತಾ?"

ಅವಳನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಪಾಠ ಇದ್ದದ್ದೇ ಆ ಪ್ರಶ್ನೆಯಲ್ಲಿ. ಆದರೆ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಚನ್ನರಾಯಪ್ಪನವರು ನಿಂತಿದ್ದರು. ಅವರ ಹಿಂದೆ, ಪಕ್ಕದ ಕ್ಲಾಸಿನಲ್ಲಿ ಇತಿಹಾಸದ ನೋಟ್ಸ್ ಬರೆಸುವ ಗಂಗಾಧರ್. ಯಾರು ಚಾಡಿ ಹೇಳಿದ್ದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಪ್ರಿನ್ಸಿಪಾಲರು ಒಂದು ಡಬ್ಬಿ ಎತ್ತಿ ಅಲುಗಾಡಿಸಿ ನೋಡಿದರು. "ಏನಮ್ಮಾ ಇದು?"

"ಮಾರುಕಟ್ಟೆ ಸರ್."

"ಮಾರುಕಟ್ಟೆನಾ? ನನಗೆ ಕಾಲೇಜಿನ ಸೀಮೆಸುಣ್ಣ ಕಾಣಿಸ್ತಿದೆ. ಮಕ್ಕಳಾಟ ಆಡಿಸೋ ಆಸೆ ಇದ್ರೆ ಅಂಗನವಾಡಿಗೆ ಅರ್ಜಿ ಹಾಕಿ. ಇಲ್ಲಿ ಸಿಲಬಸ್ ಮುಗಿಸಿ." ಇಷ್ಟನ್ನೂ ಹುಡುಗರ ಎದುರಿಗೇ ಹೇಳಿದರು. ಗಂಗಾಧರ್ ಬಾಯಿಗೆ ಕರ್ಚೀಫು ಹಿಡಿದು ನಗುತ್ತಿದ್ದ. ನಾನು ತಟ್ಟೆ, ಸೌಟು ಬ್ಯಾಗಿಗೆ ಹಾಕಿಕೊಂಡೆ. ಆ ದಿನದಿಂದ ಅವರಿಗೆ ನಮಸ್ಕಾರ ಹೇಳುವುದನ್ನು ಬಿಟ್ಟೆ.

ಮಾರ್ಚ್ ಬರುವ ಹೊತ್ತಿಗೆ ಗಾಳಿ ತಿರುಗಿತು. ಕಾಲೇಜಿಗೆ ಮಾನ್ಯತೆ ಕೊಡುವ ಕಮಿಟಿ ಬರುತ್ತದೆ, ಅವರು ಈ ಸಲ ಸೃಜನಶೀಲ ಬೋಧನೆ ಎಲ್ಲಿದೆ ತೋರಿಸಿ ಎನ್ನುತ್ತಾರೆ ಎಂದು ಸುದ್ದಿಯಾಯಿತು. ಗೋಡೆಗೆ ಸುಣ್ಣ ಬಂತು, ನರ್ಸರಿಯಿಂದ ಹೂವಿನ ಕುಂಡಗಳು ಬಾಡಿಗೆಗೆ ಬಂದವು. ಕೊನೆಗೆ ನನಗೂ ಕರೆ ಬಂತು.

"ಆ ಟೊಮೆಟೊ ಆಟ ಇತ್ತಲ್ಲ ಮೇಡಂ, ಅದನ್ನ ಕಮಿಟಿ ಮುಂದೆ ಮಾಡ್ಸಿ," ಎಂದರು ಚನ್ನರಾಯಪ್ಪ, ಏನೂ ನಡೆದೇ ಇಲ್ಲವೆಂಬಂತೆ. "ಚೆನ್ನಾಗಿ ಆದ್ರೆ ಜೂನಲ್ಲಿ ನಿಮ್ಮ ವಿಷಯ ನಾನು ನೋಡ್ಕೋತೀನಿ. ಕೆಟ್ರೆ ನೀವೇ ನೋಡ್ಕೊಳ್ಳಿ."

ಅಂಗನವಾಡಿ ನೆನಪಾಗಿ ನಾಲಿಗೆ ತುರಿಸಿತು. ಅಮ್ಮಿ ನೆನಪಾಗಿ "ಆಗಲಿ ಸರ್" ಎಂದೆ.

ಆಮೇಲೆ ಶುರುವಾಯಿತು ರಿಹರ್ಸಲ್. ಆಟಕ್ಕೆ ರಿಹರ್ಸಲ್ ಮಾಡಿಸಿದ ಮಹಾನುಭಾವ ಬೇರೆಲ್ಲಾದರೂ ಇದ್ದರೆ ನನಗೆ ತಿಳಿಸಿ. ಮೊದಲನೆಯದಾಗಿ, ತಟ್ಟೆ ಬೇಡ, ಅಸಭ್ಯ ಎಂದರು. ಚೀಟಿಯಲ್ಲಿ ಏನಿದೆ ಎಂದು ಓದಿ ಕೂಡ ನೋಡದೆ, ಚೀಟಿ ಬೇಡ, ಎಲ್ಲರಿಗೂ ಒಂದೇ ನಿಯಮ ಬೋರ್ಡಿನ ಮೇಲೆ ಬರೆಯಿರಿ, ಗುಟ್ಟು ಗಿಟ್ಟು ಕಮಿಟಿಗೆ ಇಷ್ಟ ಆಗಲ್ಲ ಎಂದರು. "ಇನ್ನೊಂದು ವಿಷಯ. ಕಮಿಟಿ ಎದುರಿಗೆ ರೈತ ಸೋಲಬಾರದು. ಗೆಲ್ಲೋದು ಮಹೆಕ್. ಆ ಹುಡುಗಿ ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ." ಮಹೆಕ್‌ಗೆ ಗೆದ್ದ ಮೇಲೆ ಹೇಳಬೇಕಾದ ಮಾತನ್ನೂ ಬರೆದುಕೊಟ್ಟರು. ಎಲ್ಲಿ ನಗಬೇಕು, ಎಲ್ಲಿ ಚಪ್ಪಾಳೆ ಹೊಡೆಯಬೇಕು ಎಂಬುದನ್ನು ಗಂಗಾಧರ್ ಹಿಂದೆ ನಿಂತು ಕೈಸನ್ನೆ ಮಾಡಿ ಕಲಿಸಿದ. ಹುಡುಗರು ಮತ್ತೆ ತೂಕಡಿಸಲು ಶುರುಮಾಡಿದರು.

"ಮೇಡಂ, ಇದಕ್ಕಿಂತ ನೋಟ್ಸೇ ವಾಸಿ," ಎಂದ ಫರ್ದೀನ್.

"ಬಾಯ್ಮುಚ್ಕೊಂಡು ಕೂಗೋ," ಎಂದೆ. ಎಂಥ ಮಾತು ಆಡಿದೆ ಎಂದು ಆಮೇಲೆ ಹೊಳೆಯಿತು.

ಕಮಿಟಿಯಲ್ಲಿ ಮೂವರಿದ್ದರು. ಅಧ್ಯಕ್ಷೆ ವಯಸ್ಸಾದ ಹೆಂಗಸು, ಹತ್ತಿ ಸೀರೆ, ಯಾರ ಮುಖವನ್ನೂ ಬಿಡದೆ ನೋಡುವ ಕಣ್ಣು. ಆಟ ನಡೆಯಿತು. ಮಹೆಕ್ ಗೆದ್ದಳು, ಇಂಗ್ಲಿಷಿನಲ್ಲಿ ಮಾತಾಡಿದಳು, ಎಲ್ಲರೂ ಹೇಳಿಕೊಟ್ಟ ಜಾಗದಲ್ಲಿ ನಕ್ಕರು. ಚನ್ನರಾಯಪ್ಪನವರು ಚಪ್ಪಾಳೆ ಹೊಡೆಯುತ್ತಾ ಎದ್ದರು.

"ಚೆನ್ನಾಗಿತ್ತು. ಇನ್ನೊಂದ್ಸಲ ಆಡಿ, ನೋಡೋಣ," ಎಂದರು ಅಧ್ಯಕ್ಷೆ.

ಇನ್ನೊಂದು ಸಲ ಆಡಿದರು. ಮತ್ತೆ ಮಹೆಕ್ ಗೆದ್ದಳು. ಅದೇ ಮಾತು, ಅದೇ ನಗು, ಅದೇ ಜಾಗ. ಅಧ್ಯಕ್ಷೆ ಪ್ರಿನ್ಸಿಪಾಲರನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಗೆಲ್ಲೋರು ಯಾರು ಅಂತ ಮುಂಚೆನೇ ಗೊತ್ತಿದ್ರೆ ಅದನ್ನ ಆಟ ಅಂತೀರಾ ಮೇಡಂ?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಬ್ಯಾಗಿನಲ್ಲಿ ತಟ್ಟೆ ಇನ್ನೂ ಇತ್ತು.

"ಅನ್ನಲ್ಲ ಮೇಡಂ. ಆಟ ಹೇಗಿರುತ್ತೆ ಈಗ ತೋರಿಸ್ತೀನಿ," ಎಂದೆ. ಬೋರ್ಡು ಒರೆಸಿದೆ. ಹಳೆಯ ಚೀಟಿಗಳನ್ನು ಬ್ಯಾಗಿನಿಂದ ತೆಗೆದು ಮಡಚಿ ಹಂಚಿದೆ. ರಜನಿಯನ್ನೂ ಫರ್ದೀನ್‌ನನ್ನೂ ಈ ಸಲ ವ್ಯಾಪಾರಿಗಳ ಕಡೆ ಹಾಕಿದೆ. "ರೈತರು ಒಬ್ಬರು ಕಮ್ಮಿ ಇದ್ದಾರೆ. ಪ್ರಿನ್ಸಿಪಾಲ್ ಸರ್, ಬನ್ನಿ."

ಅವರ ಕಣ್ಣು ಕೆಂಪಾಯಿತು. ಆದರೆ ಕಮಿಟಿ ನೋಡುತ್ತಿತ್ತು. ಬಂದರು.

ಮೊದಮೊದಲು ಪ್ರಿನ್ಸಿಪಾಲರ ಗತ್ತಿನಲ್ಲೇ ನಿಂತು ಆಕಾಶದ ದರ ಹೇಳಿದರು. ಯಾರೂ ಹತ್ತಿರ ಬರಲಿಲ್ಲ. ವ್ಯಾಪಾರಿಗಳು ನೀರು ಕುಡಿದರು, ಕಿಟಕಿಯಿಂದ ಹೆದ್ದಾರಿಯ ಲಾರಿ ನೋಡಿದರು. ಅವರಿಗೇನು, ತಟ್ಟೆ ಯಾವಾಗ ಎಂದು ಗೊತ್ತು. ಪಕ್ಕದ ರೈತರು ಒಬ್ಬೊಬ್ಬರಾಗಿ ಮಾರಿ ಮುಗಿಸಿದರು. ಚನ್ನರಾಯಪ್ಪನವರು ದರ ಇಳಿಸಿದರು. ಮತ್ತೆ ಇಳಿಸಿದರು. ಹಣೆಯ ಮೇಲೆ ಬೆವರು ಬಂತು.

"ಏ ರಜನಿ, ಬಾರಮ್ಮ ಇಲ್ಲಿ. ನೀನಾದ್ರೂ ತಗೊಳ್ಳೇ!"

"ಸ್ವಲ್ಪ ಇರಿ ಅಣ್ಣಾ, ಯೋಚ್ನೆ ಮಾಡ್ತೀನಿ," ಎಂದಳು ರಜನಿ. ಮಂಡಿಯಲ್ಲಿ ಎಲ್ಲರೂ ಅಣ್ಣನೇ. ಆದರೆ ಅವಳು ಅದನ್ನು ಹೇಳಿದ ರೀತಿಯಲ್ಲಿ ರಿಹರ್ಸಲ್ಲಿನ ಸೇಡು ಪೂರ್ತಿ ಇತ್ತು.

ಫರ್ದೀನ್ ಒಂದು ಡಬ್ಬಿಯನ್ನು ಬೆರಳಿನಿಂದ ಒತ್ತಿ ನೋಡಿ, ಮಂಡಿಯವರಂತೆ ತೆಲುಗು ಬೆರೆಸಿ ಮೂಗು ಮುರಿದ. "ಮೆತ್ತಗಾಗೋಯ್ತು ಕದಾ ಅಣ್ಣಾ. ಸುಮ್ನೆ ಕೊಟ್ರೆ ತಗೊಂಡೋಗ್ತೀನಿ."

"ಸುಮ್ನೆನಾ? ಲೇ, ನಾನು ಬೆಳೆದಿದ್ದು ಕಣೋ!" ಎಂದು ಚೀರಿದರು ಚನ್ನರಾಯಪ್ಪ. ಆಮೇಲೆ ನಾನು ಸೌಟು ಎತ್ತಿದ್ದನ್ನು ನೋಡಿದರು. "ಮೇಡಂ, ಒಂದ್ನಿಮಿಷ! ಒಂದ್ನಿಮಿಷ ಕೊಡಿ!"

ತಟ್ಟೆ ಬಾರಿಸಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಬಾರಿಸಿದೆ. ಅವರ ತೋಳಿನಲ್ಲಿ ಡಬ್ಬಿಗಳು ಹಾಗೇ ಉಳಿದವು. ಕಮಿಟಿಯವರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನನಗೆ ಆದ ಖುಷಿಯನ್ನು ಮುಚ್ಚಿಡುವುದಿಲ್ಲ, ಅಂಥ ಖುಷಿ ಆ ಕಾಲೇಜಿನಲ್ಲಿ ನನಗೆ ಬೇರೆ ಯಾವತ್ತೂ ಆಗಿಲ್ಲ.

ಆದರೆ ಚನ್ನರಾಯಪ್ಪನವರು ನಗಲಿಲ್ಲ, ಬೈಯಲೂ ಇಲ್ಲ. ಡಬ್ಬಿಗಳನ್ನು ಕೆಳಗಿಟ್ಟು, ವ್ಯಾಪಾರಿಗಳನ್ನು ಒಬ್ಬೊಬ್ಬರಾಗಿ ನೋಡಿ, ನನ್ನನ್ನು ಕೇಳಿದರು: "ಬೆಲ್ ಯಾವಾಗ ಅಂತ ಇವರಿಗೆ ಗೊತ್ತಿತ್ತು, ಅಲ್ವಾ?"

ಆಗಲೇ ಹೇಳಿದೆನಲ್ಲ, ಒಂದು ಒಳ್ಳೆಯ ಮಾತು ಎಂದು, ಇದೇ ಅದು. ರಜನಿಯ ನಂತರ ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಒಂದೇ ಸಲ ಆಡಿ ಕಲಿತರು.

ಕಮಿಟಿ ನಮ್ಮ ಆಟವನ್ನು ಹೊಗಳಿ ಬರೆಯಿತು. ಇದನ್ನು ಪೂರ್ತಿ ಕೋರ್ಸ್ ಮಾಡಿ, ಆಗಸ್ಟಿನಲ್ಲಿ ಬಂದು ನೋಡುತ್ತೇವೆ ಎಂದೂ ಹೇಳಿ ಹೋಯಿತು. ಚನ್ನರಾಯಪ್ಪನವರು ಜೂನ್‌ವರೆಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಜೂನಿನಲ್ಲಿ ಕರೆ ಬಂತು. ಗೇಟಿನಲ್ಲಿ ಅಡ್ಮಿಷನ್ನಿನ ಹೊಸ ಬ್ಯಾನರ್ ಕಟ್ಟಿದ್ದರು. "ಆಡುತ್ತಾ ಅರ್ಥಶಾಸ್ತ್ರ: ಜಿಲ್ಲೆಯಲ್ಲೇ ಮೊದಲು". ಪಕ್ಕದಲ್ಲಿ ಸೀಮೆಸುಣ್ಣದ ಡಬ್ಬಿ ಹಿಡಿದ ಪ್ರಿನ್ಸಿಪಾಲರ ಫೋಟೋ. ಬೆವರನ್ನು ಫೋಟೋದಲ್ಲಿ ಅಳಿಸಿದ್ದರು.

ಮಧ್ಯಾಹ್ನ ಬರಹೇಳಿದವರು ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಗಂಗಾಧರ್ ಒಳಗೆ ಹೋಗಿ ಬಂದ, ಟೀ ಒಳಗೆ ಹೋಗಿ ಬಂತು. ಕಾಯುತ್ತಾ ಕಾಯುತ್ತಾ ನನ್ನ ಧೈರ್ಯವೆಲ್ಲ ಸೋರಿಹೋಯಿತು. ಐದು ಗಂಟೆಗೆ ಸ್ವಲ್ಪ ಮುಂಚೆ ಒಳಗೆ ಕರೆದರು.

"ಈ ವರ್ಷ ನಿಮಗೆ ಅರ್ಧ ವರ್ಕ್‌ಲೋಡ್ ಮೇಡಂ. ಸಂಬಳನೂ ಅರ್ಧ. ಹೊಸ ಕೋರ್ಸ್ ಮಾತ್ರ ಪೂರ್ತಿ ನೀವೇ ನೋಡ್ಕೋಬೇಕು, ಗಂಗಾಧರ್‌ಗೂ ಕಲಿಸ್ಕೊಡ್ಬೇಕು. ಐದಕ್ಕೆ ಹೆಸರು ಮ್ಯಾನೇಜ್‌ಮೆಂಟ್‌ಗೆ ಹೋಗುತ್ತೆ. ಆಮೇಲೆ ನನ್ನ ಕೈಲಿಲ್ಲ." ಕಾಗದವನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದರು.

"ಐದಕ್ಕೆ ಅಂತ ನಿಮಗೆ ಯಾವಾಗ ಗೊತ್ತಾಯ್ತು ಸರ್?"

"ಬೆಳಿಗ್ಗೆನೇ," ಎಂದರು. ಆಗ ನಕ್ಕರು. ನನ್ನ ಆಟವನ್ನು ನನ್ನ ಮೇಲೆಯೇ ಆಡುತ್ತಿದ್ದಾರೆ ಎಂಬುದು ನನಗೂ ತಿಳಿಯಲಿ ಎಂದೇ ನಕ್ಕರು.

ಪೆನ್ನು ತೆಗೆದುಕೊಂಡೆ. ಕ್ಯಾಪ್ ತೆಗೆದೆ. ಮುಂದಿನ ವಾರವೇ ನೆಂಟರ ಮದುವೆ ಇತ್ತು, ಅಮ್ಮಿ ಅಲ್ಲಿ ಏನು ಹೇಳಬೇಕು? ಕಿಟಕಿಯಾಚೆ ಅಟೆಂಡರ್ ಪೆದ್ದಪ್ಪ ಐದರ ಬೆಲ್ ಹೊಡೆಯಲು ಗಂಟೆಯ ಕಡೆ ನಡೆದು ಬರುತ್ತಿದ್ದ. ಅವನ ಹಿಂದೆ ಬ್ಯಾನರಿನ ಬೆನ್ನು ಕಾಣುತ್ತಿತ್ತು. ಅದನ್ನು ನೋಡಿದಾಗ ಡಬ್ಬಿಗಳ ಮೇಲೆ ಕೈಕಟ್ಟಿ ಕೂತ ಫರ್ದೀನ್ ನೆನಪಾದ.

ಬ್ಯಾನರ್ ಕಟ್ಟಿ ಆಗಿದೆ. ಅಡ್ಮಿಷನ್ ನಡೆಯುತ್ತಿದೆ. ಆಗಸ್ಟಿನಲ್ಲಿ ಕಮಿಟಿ ಬರುತ್ತದೆ. ನೋಟ್ಸ್ ಬರೆಸುವುದು ಬಿಟ್ಟು ಬೇರೇನೂ ಬಾರದ ಗಂಗಾಧರ್ ಆಟ ಆಡಿಸುತ್ತಾನೆಯೇ? ಈ ಮನುಷ್ಯ ಆಡಿದ್ದು ರೈತನಾಗಿ, ಒಂದೇ ಸಲ. ಲಾರಿ ಬಾಡಿಗೆಗೆ ತಂದು ನಿಲ್ಲಿಸಿಕೊಂಡವನ ಗತಿ ಏನು ಎಂಬುದನ್ನು ಅವರು ಆಡಿಯೇ ಇರಲಿಲ್ಲ.

ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟೆ.

"ಸೈನ್ ಮಾಡಿ ಮೇಡಂ. ಟೈಮಾಯ್ತು."

"ಸ್ವಲ್ಪ ಇರಿ ಅಣ್ಣಾ," ಎಂದೆ. "ಯೋಚ್ನೆ ಮಾಡ್ತೀನಿ."

ಅವರ ನಗು ನಿಂತಿತು. ನನ್ನನ್ನು ನೋಡಿದರು, ಕಿಟಕಿಯಾಚೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಪೆದ್ದಪ್ಪ ಕಬ್ಬಿಣದ ಸುತ್ತಿಗೆ ಎತ್ತಿದ್ದ.

"ಪೆದ್ದಪ್ಪಾ, ತಡಿಯೋ!" ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಒಂದ್ನಿಮಿಷ..."

ಪೆದ್ದಪ್ಪನಿಗೆ ಕಿವಿ ಸ್ವಲ್ಪ ಮಂದ. ಗಂಟೆ ಹೊಡೆದ. ನಾನು ಮಾರಿರಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, ಅಮ್ಮಿಗೆ ಏನು ಹೇಳುವುದೋ ತಿಳಿಯದೆ, ಅವರ ಫೋಟೋದ ಕೆಳಗಿನಿಂದ ಹೆದ್ದಾರಿಗೆ ನಡೆದೆ.